ದಿನಕ್ಕೆ ಎರಡೇ ಸಲ

ಶಾಲೆಯ ಚೀಲ ಹೊಲಿಯುವ ಆ ಪುಟ್ಟ ಕಾರ್ಖಾನೆಯಲ್ಲಿ ಮಷೀನು ಎಂಟು, ಹೊಲಿಯುವ ಹೆಂಗಸರು ಎಂಟು, ಟಾಯ್ಲೆಟ್ಟು ಒಂದೇ ಒಂದು. ಅದಕ್ಕೂ ಬೀಗ! ಕೀಲಿ ಇರುತ್ತಿದ್ದದ್ದು ಮಾಲೀಕನ ಅಕ್ಕನ ಸೊಂಟದಲ್ಲಿ. ಒಬ್ಬರಿಗೆ ದಿನಕ್ಕೆ ಎರಡು ಸಲ. ಮೂರನೆಯ ಸಲ ಬೇಕೆಂದರೆ ಬಿಡುವಾಗುವ ತನಕ ತಡೆದುಕೊಳ್ಳಬೇಕು. ನಿಯಮ ಮಾಡಿದವನು ತಮ್ಮ, ಚಾಚೂ ತಪ್ಪದೆ ನಡೆಸಿದವಳು ಅಕ್ಕ. ತಾನು ಎತ್ತಿ ಆಡಿಸಿದ ಹುಡುಗ ಇಷ್ಟು ಜನಕ್ಕೆ ಕೆಲಸ ಕೊಟ್ಟಿದ್ದಾನೆಂದು ಅವಳಿಗೆ ಎಲ್ಲಿಲ್ಲದ ಹೆಮ್ಮೆ. ಆ ಹೆಮ್ಮೆಯಲ್ಲಿ ಬೇರೇನೂ ಕಾಣುತ್ತಿರಲಿಲ್ಲ.

ಆ ಮಧ್ಯಾಹ್ನ ಗುಬ್ಬಿ ಮೂರನೆಯ ಸಲ ಎದ್ದು ಬಂದಳು. ಪುಟ್ಟ ಆಳು, ಅದಕ್ಕೇ ಎಲ್ಲರೂ ಹಾಗೆ ಕರೆಯುತ್ತಿದ್ದರು. ಈಗ ಏಳು ತಿಂಗಳ ಬಸುರಿ.

“ಅಕ್ಕಾ, ಕೀಲಿ ಕೊಡಿ.”

“ಎರಡು ಸಲ ಆಯ್ತಲ್ಲೇ! ಇನ್ನು ಹತ್ತು ನಿಮಿಷಕ್ಕೆ ಟೀಗೆ ಬಿಡ್ತಾರೆ, ತಡ್ಕೋ.”

ಹತ್ತು ನಿಮಿಷವಂತೆ! ಹೇಳುವ ಬಾಯಿಗೇನು ಕಷ್ಟ? ಗುಬ್ಬಿ ಹಲ್ಲು ಕಚ್ಚಿಕೊಂಡು ಹೋಗಿ ಕೂತಳು. ಐದು ನಿಮಿಷವೂ ಆಗಿರಲಿಲ್ಲ, ಅವಳ ಕುರ್ಚಿಯ ಕೆಳಗೆ ನೆಲ ಒದ್ದೆಯಾಯಿತು. ಪಕ್ಕದಲ್ಲಿ ಕತ್ತರಿಸಿಟ್ಟಿದ್ದ ಬಟ್ಟೆಯೂ ನೆನೆಯಿತು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ತಮ್ಮ ತನ್ನ ಕೋಣೆಯಿಂದ ಬಂದು ನೋಡಿದ. “ಥೂ! ಮಾಲೆಲ್ಲ ಹಾಳು! ಅಕ್ಕಾ, ಇವಳನ್ನ ಮನೆಗೆ ಕಳಿಸು. ನಾಳೆಯಿಂದ ಬರೋದೇ ಬೇಡ.”

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಮೊದಲು ತನ್ನ ಮೇಲೆ, ಆಮೇಲೆ ಅವನ ಮೇಲೆ. ಮೂರು ಹೆತ್ತವಳು ತಾನು, ಇಷ್ಟೂ ತಿಳಿಯದೆ ಹೋಯಿತೇ! ಮಷೀನಿನ ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ನೇರ ಟಾಯ್ಲೆಟ್ಟಿನ ಹತ್ತಿರ ಹೋದಳು. ಒಳಗಿನ ಚಿಲಕ ಬಿಟ್ಟು, ಹೊರಗಿನದನ್ನು ಬೀಗದ ಸಮೇತ ಬಿಚ್ಚಿ ಕಸದ ಡಬ್ಬಿಗೆ ಎಸೆದಳು.

“ತಲೆ ಕೆಟ್ಟಿದ್ಯಾ ನಿಂಗೆ?”

“ಇಷ್ಟು ದಿನ ಕೆಟ್ಟಿತ್ತು. ಈಗ ನೆಟ್ಟಗಾಗಿದೆ.”

“ಇಲ್ಲಿ ಮಾಲೀಕ ಯಾರು?”

“ನೀನೇ ಕಣೋ. ಮಷೀನಿಗೆ, ಬಟ್ಟೆಗೆ, ದಾರಕ್ಕೆ. ಇವರ ಮೈಗಲ್ಲ. ಇವಳನ್ನ ಬಿಡಿಸೋದಾದ್ರೆ ಮೊದಲು ನನ್ನನ್ನ ಬಿಡಿಸು.”

ಉಳಿದವರು ಒಬ್ಬೊಬ್ಬರಾಗಿ ಮಷೀನು ನಿಲ್ಲಿಸಿದರು.

ಅಕ್ಕ ತನ್ನ ಶಾಲನ್ನು ಗುಬ್ಬಿಗೆ ಸುತ್ತಿದಳು. “ತಪ್ಪು ನಂದು ಕಣೇ. ಕ್ಷಮಿಸಿಬಿಡು.”

ಹೋಗಲಿ ಬಿಡಿ ಅಕ್ಕ ಅನ್ನುತ್ತಾಳೆಂದು ಎಲ್ಲರೂ ಕಾದರು. ಗುಬ್ಬಿ ಅನ್ನಲಿಲ್ಲ. ಕಣ್ಣೊರೆಸಿಕೊಂಡು ಎದ್ದು ನಿಂತಳು.

“ನಿಮ್ಮದೂ ತಪ್ಪೇ ಅಕ್ಕಾ. ಆದ್ರೆ ನೀವೊಬ್ಬರು ಕ್ಷಮೆ ಕೇಳಿದ್ರೆ ಸಾಲ್ದು, ಅವರೂ ಕೇಳ್ಲಿ. ಬೈದದ್ದು ಎಲ್ಲರ ಎದುರಿಗೆ ತಾನೆ?”

ತಮ್ಮ ಅಕ್ಕನ ಮುಖ ನೋಡಿದ. ಚಿಕ್ಕಂದಿನಿಂದಲೂ ಅಷ್ಟೇ, ಸಿಕ್ಕಿಬಿದ್ದಾಗೆಲ್ಲ ಅಕ್ಕನ ಮುಖ ನೋಡುವುದು.

“ನನ್ನ ಮುಖದಲ್ಲೇನಿದೆ? ಅವಳ ಕಡೆ ತಿರುಗು.”

ತಿರುಗಿದ. ಕತ್ತು ಬಗ್ಗಿಸಿ ಅದೇನೋ ಗೊಣಗಿದ.

“ಕೇಳಿಸ್ಲಿಲ್ಲ ಸಾರ್,” ಎಂದಳು ಗುಬ್ಬಿ. “ಬೈದಷ್ಟೇ ಜೋರಾಗಿ ಹೇಳಿ.”