ಜೇಬಿಗೆ ಕತ್ತರಿ

ನಮ್ಮ ಅಂಗಡಿಯಲ್ಲಿ ಅಳತೆ ನನ್ನದು, ಮಾತು ಭಾವನದು. ಹದಿನೆಂಟನೇ ವಯಸ್ಸಿಗೆ ಅಕ್ಕ-ಭಾವನ ಹೊಲಿಗೆ ಅಂಗಡಿ ಸೇರಿದವಳು, ಮೂವತ್ತಾರಾದರೂ ಅದೇ ಕನ್ನಡಿಯ ಮುಂದೆ ಟೇಪು ಹಿಡಿದು ನಿಂತಿದ್ದೆ. ನನಗೆ ಚಿಕ್ಕಂದಿನಿಂದಲೂ ಉಗ್ಗು. ‘ನ’, ‘ಮ’ಗಳೆಲ್ಲ ಹೇಗೋ ದಾಟುತ್ತವೆ, ‘ಕ’, ‘ತ’ ಬಂದರೆ ಗಂಟಲಲ್ಲಿ ಅಡ್ಡ ಮಲಗಿಬಿಡುತ್ತವೆ. ಬೇರೆ ದರ್ಜಿಗಳು ಅಳತೆಯನ್ನು ಕೂಗಿ ಹೇಳಿ ಬರೆಸುತ್ತಾರೆ. ನಾನು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ನಾನೇ ಬರೆದುಕೊಳ್ಳುತ್ತಿದ್ದೆ. ಗಿರಾಕಿ ಏನಾದರೂ ಕೇಳಿದರೆ, ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಒಳಗಿನ ಮೇಜಿನಿಂದಲೇ ಉತ್ತರ ಕೊಟ್ಟಿರುತ್ತಿದ್ದರು. ಪ್ರೀತಿಯಿಂದಲೇ ಕೊಡುತ್ತಿದ್ದರು, ಅದರಲ್ಲಿ ಎರಡು ಮಾತಿಲ್ಲ.

ಒಂದು ಮಧ್ಯಾಹ್ನ ಒಬ್ಬ ಮುದುಕರು ಹೆಂಡತಿಯ ತೋಳು ಹಿಡಿದುಕೊಂಡು ಬಂದರು. ಲಕ್ವ ಹೊಡೆದು ಬಲಗೈ ಜೋತುಬಿದ್ದಿತ್ತು. ಹಳೆಯ ಕಪ್ಪು ಕೋಟೊಂದನ್ನು ಮೇಜಿನ ಮೇಲೆ ಹಾಕಿ, “ನಾನು ಸೊರಗಿಬಿಟ್ಟಿದ್ದೀನಿ, ಇದು ಸೊರಗಿಲ್ಲ. ಸ್ವಲ್ಪ ಒಳಗೆ ಹಿಡಿದುಕೊಡಿ” ಅಂದರು. ಕೋಟನ್ನು ತಿರುವಿ ನೋಡಿದೆ. ಒಳಗಡೆ ಒಂಬತ್ತು ಜೇಬು! ಇದೇನು ಕೋಟೋ ಅಂಚೆ ಕಚೇರಿಯೋ ಅನ್ನಿಸಿತು. ಕೇಳುವ ಧೈರ್ಯವಿರಲಿಲ್ಲ, ಸುಮ್ಮನೆ ಅಳತೆ ತೆಗೆದೆ.

ಸ್ವಲ್ಪ ಹೊತ್ತಾದ ಮೇಲೆ ಅವರು, “ಟೇಪು ಯಾವಾಗ ಹಿಡೀತೀಯಮ್ಮ? ನಿಂತು ಕಾಲು ನೋಯ್ತಿದೆ” ಅಂದರು.

ನಾನು ಬರೆದ ಚೀಟಿ ತೋರಿಸಿದೆ. ಎದೆ, ಸೊಂಟ, ತೋಳು, ಬೆನ್ನು ಎಲ್ಲ ಆಗಿತ್ತು.

ಅವರು ಚೀಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೆಂಡತಿಯ ಕಡೆ ತಿರುಗಿದರು. “ಲೇ, ಮುಟ್ಟಿದ್ದೇ ಗೊತ್ತಾಗ್ಲಿಲ್ಲ ಕಣೇ!”

“ನಲವತ್ತು ವರ್ಷ ಊರವರ ಜೇಬಿಗೆಲ್ಲ ಕೈ ಹಾಕಿದ್ರಲ್ಲ, ಇವತ್ತು ನಿಮಗೇ ಆಯ್ತು” ಎಂದು ಆಕೆ ನಕ್ಕರು.

ಭಾವ ಕತ್ತರಿ ಕೆಳಗಿಟ್ಟು ಎದ್ದು ಬಂದೇಬಿಟ್ಟರು. ಆಗ ವಿಷಯ ಹೊರಬಿತ್ತು. ಆ ಮುದುಕರು ಜಾದೂಗಾರರು. ಅದರಲ್ಲೂ ವೇದಿಕೆಯ ಜೇಬುಗಳ್ಳರು. ಸಭೆಯಲ್ಲಿ ಇಷ್ಟವಿದ್ದವರನ್ನು ಮೇಲಕ್ಕೆ ಕರೆದು, ಮಾತಾಡಿಸುತ್ತಾ ಮಾತಾಡಿಸುತ್ತಾ ಅವರ ಗಡಿಯಾರ, ಪರ್ಸು, ಟೈ, ಕನ್ನಡಕ ಎಲ್ಲ ತೆಗೆದುಕೊಳ್ಳುವುದು. ಅದು ಇಡೀ ಸಭೆಗೆ ಕಾಣಬೇಕು, ಅವರೊಬ್ಬರಿಗೆ ಮಾತ್ರ ಗೊತ್ತಾಗಬಾರದು. ಆಮೇಲೆ ಒಂದೊಂದನ್ನೇ ವಾಪಸ್ ಕೊಟ್ಟು ಅವರನ್ನೂ ನಗಿಸಿ ಕಳಿಸುವುದು. ಕೈ ಬಿದ್ದುಹೋದ ಮೇಲೆ ಆಟ ನಿಂತಿತ್ತು.

“ಕಲೀತೀಯೇನಮ್ಮ?” ಎಂದು ಕೇಳಿದರು.

ಹೂಂ ಅನ್ನಲು ನನಗೆ ಉಗ್ಗು ಅಡ್ಡ ಬರಲಿಲ್ಲ. ತಲೆಯಾಡಿಸಿದರೆ ಸಾಕಲ್ಲ.

ಅವತ್ತು ಊಟಕ್ಕೆ ಕೂತಾಗ ಭಾವ, “ಇಷ್ಟು ದಿನ ಬಟ್ಟೆಗೆ ಕತ್ತರಿ ಹಾಕ್ತಿದ್ಲು, ಇನ್ಮೇಲೆ ಜೇಬಿಗೇ ಹಾಕ್ತಾಳಂತೆ” ಎಂದು ಗೇಲಿ ಮಾಡಿದರು.

“ಸುಮ್ನಿರಿ ನೀವು,” ಅಂದಳು ಅಕ್ಕ. “ಇವಳು ಏನಾದ್ರೂ ಬೇಕು ಅಂತ ಕೇಳಿದ್ದೇ ಇದು ಮೊದಲನೇ ಸಲ.”

ಜಾದೂಗಾರರ ಮನೆ ಒಂದು ಬೇಕರಿಯ ಮೇಲಿನ ಎರಡು ಕೋಣೆ. ಬ್ರೆಡ್ಡಿನ ಬಿಸಿ ಪರಿಮಳ ಮೆಟ್ಟಿಲು ಹತ್ತಿ ಬರುತ್ತಿತ್ತು. ವಾರಕ್ಕೆರಡು ಮಧ್ಯಾಹ್ನ ಪಾಠ. ಅವರನ್ನು ನಾನು ಮೇಷ್ಟ್ರೇ ಎಂದು ಕರೆದೆ, ಅವರ ಹೆಂಡತಿಯನ್ನು ಅಮ್ಮ ಎಂದು. ಪಾಠದ ಗೊಂಬೆ ಅಮ್ಮನೇ. ಗಂಡನ ಕೋಟು ತೊಟ್ಟು, ಕೈಗೆ ಗಡಿಯಾರ ಕಟ್ಟಿಕೊಂಡು, ಸ್ಟೂಲಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ನಾನು ಜೇಬಿಗೆ ಬೆರಳು ಇಳಿಸಿದ್ದು ತಿಳಿದರೆ ತಲೆಯೆತ್ತದೆ “ಹ್ಞೂಂ” ಅನ್ನುತ್ತಿದ್ದರು. ಮೊದಲ ಎರಡು ತಿಂಗಳು ಅಮ್ಮನ ಬಾಯಲ್ಲಿ ಹ್ಞೂಂ ಬಿಟ್ಟರೆ ಬೇರೆ ಮಾತೇ ಕೇಳಲಿಲ್ಲ.

“ಮೆತ್ತಗೆ ಮುಟ್ಟಿದ್ರೆ ಗೊತ್ತಾಗಲ್ಲ ಅಂದ್ಕೊಂಡಿದ್ದೀಯ. ತಪ್ಪು,” ಅನ್ನುತ್ತಿದ್ದರು ಮೇಷ್ಟ್ರು. “ಮೆತ್ತಗೆ ಮುಟ್ಟಿದ್ರೆ ಇರುವೆ ಹರಿದ ಹಾಗೆ, ಎಂಥವನಿಗೂ ಎಚ್ಚರ ಆಗುತ್ತೆ. ಮಣಿಕಟ್ಟನ್ನ ಗಟ್ಟಿಯಾಗಿ ಹಿಡಿ, ಸ್ನೇಹದಿಂದ ಹಿಡೀತಾರಲ್ಲ, ಹಾಗೆ. ಬಿಟ್ಟ ಮೇಲೂ ಆ ಒತ್ತು ಚರ್ಮಕ್ಕೆ ನೆನಪಿರುತ್ತೆ. ಗಡಿಯಾರ ಹೋಗಿದ್ರೂ ಇದೆ ಅಂತಾನೇ ಅದು ನಂಬಿಕೊಂಡಿರುತ್ತೆ.”

ಹೆಬ್ಬೆರಳಿನಿಂದ ಪಟ್ಟಿಯ ತುದಿಯನ್ನು ಹಿಂದಕ್ಕೆ ದಬ್ಬುವುದು, ಕೊಕ್ಕೆ ಸಡಿಲಿಸುವುದು, ಅವರ ಕೈಯನ್ನೇ ಸ್ವಲ್ಪ ತಿರುಗಿಸಿ ಗಡಿಯಾರವನ್ನು ನನ್ನ ಅಂಗೈಗೆ ಇಳಿಸಿಕೊಳ್ಳುವುದು. ಒಂದು ಉಸಿರಿನಲ್ಲಿ ಆಗಬೇಕಾದ ಈ ಕೆಲಸಕ್ಕೆ ನಾನು ಮೂರು ತಿಂಗಳು ತೆಗೆದುಕೊಂಡೆ. ಪರ್ಸನ್ನು ಎಳೆಯಬಾರದು, ಬಟ್ಟೆಯ ಹೊರಗಿನಿಂದ ಕೆಳಗೆ ಒತ್ತಿ ಅದೇ ಮೇಲೆ ಬರುವಂತೆ ಮಾಡಬೇಕು. ಅದು ನನಗೆ ಬೇಗ ಬಂತು. ಜೇಬಿನ ಹೊಟ್ಟೆ ಎಲ್ಲಿ, ಬಾಯಿ ಎಲ್ಲಿ ಎಂದು ದರ್ಜಿಗೆ ಹೇಳಿಕೊಡಬೇಕೇ? ಒಂದು ದಿನ ಅಮ್ಮ ಪಾತ್ರೆ ತುಂಬ ಬಟಾಣಿ ಸುಲಿದು ಮುಗಿಸಿ, “ಯಾಕೆ, ಇವತ್ತು ಶುರು ಮಾಡಲ್ವಾ?” ಅಂದರು. ಗಡಿಯಾರ, ಕನ್ನಡಕದ ಪೆಟ್ಟಿಗೆ, ಕರವಸ್ತ್ರ, ಮೂರೂ ನನ್ನ ಮಡಿಲಲ್ಲಿದ್ದವು. ಮೇಷ್ಟ್ರು ಎಡಗೈಯಿಂದ ತೊಡೆ ತಟ್ಟಿ ಚಪ್ಪಾಳೆ ಹೊಡೆದರು.

ಆದರೆ ಅದು ಸುಮ್ಮನೆ ಕೂತವರ ಮಾತು. ವೇದಿಕೆಯಲ್ಲಿ ಎದುರು ನಿಂತವನ ಕಣ್ಣು ಕೈಯ ಮೇಲಿರಬಾರದು, ಮುಖದ ಮೇಲಿರಬೇಕು. ಅದಕ್ಕೆ ಮಾತು ಬೇಕು. ನಾನು ಮೂಕಿಯಾಗಿ ಆಡಿ ನೋಡಿದೆ. ಅಮ್ಮ ಎದ್ದು ನಿಂತು ನನ್ನ ಕೈಯನ್ನೇ ನೋಡುತ್ತಾ ಪ್ರತಿ ಸಲ ಹಿಡಿದರು.

“ಕೈ ಬಂತು. ಬಾಯಿ?” ಎಂದರು ಮೇಷ್ಟ್ರು. ನಾನು ನೆಲ ನೋಡಿದೆ. ಅವರೂ ಒತ್ತಾಯ ಮಾಡಲಿಲ್ಲ.

ಆ ಬೇಸರಕ್ಕೋ ಏನೋ, ಒಂದು ತಪ್ಪು ಮಾಡಿದೆ. ಮೇಷ್ಟ್ರು ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದರು: ಒಪ್ಪಿ ಬಂದವರ ಹತ್ತಿರ ಮಾತ್ರ, ಆಟದಲ್ಲಿ ಮಾತ್ರ. ನಾನು ಅಂಗಡಿಯಲ್ಲಿ, ಪ್ಯಾಂಟಿನ ಅಳತೆ ಕೊಡಲು ಬಂದ ಹಲ್ಲಿನ ಡಾಕ್ಟರ ಜೇಬಿನಿಂದ ಕೀಲಿಗೊಂಚಲು ತೆಗೆದೆ. ಒಂದು ನಿಮಿಷ ಇಟ್ಟುಕೊಂಡು ವಾಪಸ್ ಹಾಕಿಬಿಡೋಣ, ಯಾರಿಗೆ ತಿಳಿಯುತ್ತದೆ ಎಂಬ ಹುಂಬತನ. ಅಷ್ಟರಲ್ಲಿ ಅವರಿಗೆ ಫೋನ್ ಬಂತು. “ಬಂದೆ, ಬಂದೆ” ಅನ್ನುತ್ತಾ ಹೊರಟೇ ಹೋದರು.

ಕೀಲಿ ಹಿಡಿದು ಎರಡು ಬೀದಿ ಓಡಿದೆ. ಅವರು ದವಾಖಾನೆಯ ಮುಚ್ಚಿದ ಬಾಗಿಲ ಮುಂದೆ ಒಂದೊಂದೇ ಜೇಬು ತಡಕುತ್ತಿದ್ದರು. ಪಕ್ಕದಲ್ಲಿ ಕೆನ್ನೆ ಊದಿಸಿಕೊಂಡ ಹೆಂಗಸೊಬ್ಬಳು ಗೋಡೆಗೆ ತಲೆಯಾನಿಸಿ ನಿಂತಿದ್ದಳು. “ಕ... ಕ...” ಎಂದು ನಾನು ಕೈಚಾಚಿದೆ.

“ಅಯ್ಯೋ, ಅಂಗಡೀಲೇ ಬೀಳಿಸಿಬಿಟ್ಟಿದ್ನಾ! ತುಂಬಾ ಉಪಕಾರ ಆಯ್ತಮ್ಮ, ಓಡಿ ಬಂದ್ರಲ್ಲ, ಪುಣ್ಯಾತ್ಗಿತ್ತಿ” ಎಂದು ಡಾಕ್ಟರು ಕೈಮುಗಿದರು.

ನಾನು ಬಾಯಿ ಮುಚ್ಚಿಕೊಂಡು ಬಂದೆ. ಕಳ್ಳಿ ಎಂದು ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

ಮೇಷ್ಟ್ರಿಗೆ ಹೇಳಿದೆ. ಅವರು ಕೂಗಾಡಲಿಲ್ಲ. ಅಮ್ಮನ ಮೈಮೇಲಿನ ಕೋಟು ಬಿಚ್ಚಿಸಿ ಗೂಟಕ್ಕೆ ನೇತುಹಾಕಿಸಿದರು. “ನಿಂದಲ್ಲದ ಥ್ಯಾಂಕ್ಸ್ ನಿನ್ನ ಹತ್ರ ಇದೆ. ಅದನ್ನ ವಾಪಸ್ ಕೊಟ್ಟು ಬಾ. ಆಮೇಲೆ ಪಾಠ.”

“ಹೇ... ಹೇಗೆ ಹೇಳಲಿ ಮೇಷ್ಟ್ರೇ, ನನ್ನ ಬಾಯಲ್ಲಿ?”

“ಎಷ್ಟು ಹೊತ್ತಾಗುತ್ತೋ ಅಷ್ಟು ಹೊತ್ತಲ್ಲಿ.”

ನಾಲ್ಕು ದಿನ ಆ ಬೀದಿಯ ತಿರುವಿನ ತನಕ ಹೋಗಿ ಹಿಂದಿರುಗಿದೆ. ಐದನೇ ದಿನ ಒಳಗೆ ಹೋದೆ. ಡಾಕ್ಟರು ಕೈ ತೊಳೆಯುತ್ತಿದ್ದರು. “ಅವತ್ತು ನಿಮ್ಮ ಕೀಲಿ ಬಿದ್ದಿರಲಿಲ್ಲ. ನಾನೇ ತೆಗೆದಿದ್ದೆ” — ಇಷ್ಟೇ ಮಾತು. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ನನ್ನ ರವಿಕೆ ಬೆವರಿಗೆ ಅಂಟಿತ್ತು. ನಲ್ಲಿ ಸುರಿಯುತ್ತಲೇ ಇತ್ತು. ಅವರು ಅದನ್ನೂ ಮರೆತು, ಸೋಪಿನ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡು, ನನ್ನ ಮುಖವನ್ನಲ್ಲದೆ ಇನ್ನೇನನ್ನೂ ನೋಡದೆ ನಿಂತಿದ್ದರು. ಯಾಕೆ ತೆಗೆದೆ ಎಂಬುದನ್ನೂ ಹೇಳಿದೆ.

ಅವರು ನಲ್ಲಿ ನಿಲ್ಲಿಸಿ, “ಆ ಹೆಂಗಸು ಹತ್ತು ನಿಮಿಷ ನರಳಿದ್ಳು, ಅದು ನಂಗೆ ಕೋಪ,” ಅಂದರು. ಆಮೇಲೆ ಟವೆಲಿನಿಂದ ಕೈ ಒರೆಸಿಕೊಳ್ಳುತ್ತಾ, “ಆದ್ರೆ ನಂಗೆ ಗೊತ್ತೇ ಆಗ್ಲಿಲ್ವಲ್ರೀ! ಸೂಜಿ ಚುಚ್ಚೋವಾಗ ಜನಕ್ಕೆ ಗೊತ್ತಾಗದ ಹಾಗೆ ಮಾಡೋದು ಹೇಗೆ ಅಂತ ನೀವು ನಂಗೆ ಹೇಳಿಕೊಡ್ಬೇಕು” ಅಂದರು. ಇಬ್ಬರೂ ನಕ್ಕೆವು. ನನಗೆ ನಗುವಿನ ಜೊತೆ ಅಳುವೂ ಬಂತು.

ನಡೆದದ್ದನ್ನೆಲ್ಲ ಮೇಷ್ಟ್ರಿಗೆ ಒಪ್ಪಿಸಿದೆ, ಸುರಿಯುತ್ತಿದ್ದ ನಲ್ಲಿ, ಸೋಪಿನ ಕೈ, ಏನೂ ಬಿಡದೆ. ಮೇಷ್ಟ್ರು ಕೂತಲ್ಲಿಂದ ಎದ್ದೇಬಿಟ್ಟರು. “ನಲ್ಲಿ ಮರೆತ್ರಾ? ನಿನ್ನ ಮಾತು ನಿಂತಾಗ ಅವರು ನಲ್ಲಿ ಮರೆತ್ರಾ? ಅಯ್ಯೋ ಹುಚ್ಚಿ, ಜನರ ಕಣ್ಣನ್ನ ನನ್ನ ಮುಖಕ್ಕೆ ಕಟ್ಟಿಹಾಕೋಕೆ ನಾನು ನಲವತ್ತು ವರ್ಷ ಜೋಕು ಹೇಳಿ ಗಂಟಲು ಹರ್ಕೊಂಡೆ. ನಿಂಗೆ ಅದು ಹುಟ್ಟಿನಿಂದ ಬಂದಿದೆ!”

ನನಗೆ ಹಿಡಿಸಲಿಲ್ಲ. “ಅವರ ಕ... ಕನಿಕರ ಕದ್ದ ಹಾಗಾಗಲ್ವಾ?”

ಉತ್ತರ ಕೊಟ್ಟದ್ದು ಅಮ್ಮ. “ಬೇಕು ಅಂತ ಉಗ್ಗಿದ್ರೆ ಕದ್ದ ಹಾಗೆ. ಬಂದಾಗ ಮುಚ್ಚಿಡದೆ ಇದ್ರೆ ಅದು ನಿನ್ನ ಮಾತೇ ಅಲ್ವೇನೇ? ನೀನು ಮಾತಾಡೋದೇ ಹಾಗೆ.”

ಎಂಟು ತಿಂಗಳ ನಂತರ ಮೊದಲ ಆಟ. ಬಸ್ ಡಿಪೋದ ನೌಕರರ ವಾರ್ಷಿಕ ಸಭೆ, ಮಧ್ಯಾಹ್ನ ಮೂರು ಗಂಟೆ. ಊಟ ಮಾಡಿ ಕೂತ ಮುನ್ನೂರು ಜನ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳು ಮತ್ತವರ ಮನೆಯವರು. ಯಾರು ಬರುತ್ತೀರಿ ಎಂದು ಕೈಸನ್ನೆ ಮಾಡಿದಾಗ, ಆಳೆತ್ತರದ ಕಂಡಕ್ಟರೊಬ್ಬರು ಮೀಸೆ ತಿರುವುತ್ತಾ ಬಂದರು. “ಇಪ್ಪತ್ತೆರಡು ವರ್ಷದಿಂದ ‘ಜೇಬು ಜೋಪಾನ’ ಅಂತ ದಿನಕ್ಕೆ ನೂರು ಸಲ ಕೂಗೋನು ನಾನು. ನನ್ನ ಹತ್ರ ನಡೆಯಲ್ಲ ತಾಯಿ!” ಸಭೆ ಶಿಳ್ಳೆ ಹೊಡೆಯಿತು.

“ನಾನು ದರ್ಜಿ, ಅಣ್ಣ. ಮೊದಲು ನಿಮ್ಮ...” ಎನ್ನುತ್ತಾ ಅವರ ಮಣಿಕಟ್ಟು ಹಿಡಿದೆ. ‘ಕೋಟಿನ ಅಳತೆ’ ಅನ್ನಬೇಕಿತ್ತು. “ಕ... ಕ... ಕ...” ಮಾತು ಅಲ್ಲೇ ನಿಂತಿತು. ನಾನು ಬರಿಸಿದ್ದಲ್ಲ, ತಾನಾಗಿಯೇ ಬಂದದ್ದು. ಕಂಡಕ್ಟರು ಬಗ್ಗಿ, ಕಣ್ಣರಳಿಸಿ, ನನ್ನ ಜೊತೆ ತಾವೂ ತುಟಿ ಆಡಿಸತೊಡಗಿದರು. ಗಡಿಯಾರ ನನ್ನ ಅಂಗೈಗೆ ಬಂತು. ಎದೆಯ ಜೇಬಿನ ಪೆನ್ನು ಬಂತು, ಅದರ ಹಿಂದೆಯೇ ಸೀಟಿಯೂ ಬಂತು. ಅವರ ಬೆನ್ನ ಹಿಂದೆ ಒಂದೊಂದನ್ನೇ ಎತ್ತಿ ಸಭೆಗೆ ತೋರಿಸಿ, ದಾರದ ಸೀಟಿಯನ್ನು ಕೊರಳಿಗೆ ಹಾಕಿಕೊಂಡೆ. ಸಭೆ ಗೊಳ್ಳೆಂದಿತು.

ಕಂಡಕ್ಟರ ಮುಖ ಕೆಂಪಾಯಿತು. ಸಭೆಯ ಕಡೆ ತಿರುಗಿ ಗುಡುಗಿದರು. “ಯಾಕ್ರೋ ನಗ್ತೀರಾ? ನಾಚಿಕೆ ಆಗಲ್ವಾ? ಒಬ್ಬ ಹೆಣ್ಣುಮಗಳು ಮಾತಾಡೋಕೆ ಕಷ್ಟಪಡ್ತಿದ್ರೆ ಹಲ್ಲು ಕಿಸೀತೀರಾ? ಮುಚ್ಚಿ ಬಾಯಿ!”

ಜನ ಕುರ್ಚಿಯಿಂದ ಉರುಳುವಷ್ಟು ನಕ್ಕರು, ಯಾಕೆಂದರೆ ಆಗ ಅವರ ಗಡಿಯಾರ ನನ್ನ ಕೈಯಲ್ಲಿ, ಅವರ ಸೀಟಿ ನನ್ನ ಕೊರಳಲ್ಲಿತ್ತು. ನನಗೆ ಮಾತ್ರ ನಗು ಬರಲಿಲ್ಲ. ಶಾಲೆಯಲ್ಲಿ, ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ ನನ್ನ ಮಾತಿಗೆ ಜನ ಎಷ್ಟೋ ಸಲ ನಕ್ಕಿದ್ದರು. ನನಗಾಗಿ ಒಂದು ಸಭೆಯನ್ನೇ ಗದರಿಸಿದ ಅಪರಿಚಿತ ಇವರೊಬ್ಬರೇ. ಇವರನ್ನೇ ನಾನು ದೋಚಿದ್ದೆ!

“ಅಣ್ಣ,” ಅಂದೆ, “ಅವರು ನಗ್ತಿರೋದು ನಂಗಲ್ಲ. ಗಂಟೆ ಎಷ್ಟು?”

ಅವರು ಬರಿಗೈ ನೋಡಿಕೊಂಡರು. ಎದೆ ಮುಟ್ಟಿಕೊಂಡರು. ನನ್ನ ಕೊರಳು ನೋಡಿದರು. ನಾನು ಅವರದೇ ಸೀಟಿಯನ್ನು ಪುರ್ರೆಂದು ಊದಿ, “ಜೇಬು ಜೋಪಾನ!” ಎಂದೆ. ಅದು ಒಂದೇ ಉಸಿರಿಗೆ ಬಂತು. ಯಾಕೆ ಎಂದು ನನಗೇ ಗೊತ್ತಿಲ್ಲ. ಕಂಡಕ್ಟರು ಹೊಟ್ಟೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು. ಗಡಿಯಾರವನ್ನು ನಾನೇ ಅವರ ಕೈಗೆ ಕಟ್ಟಿ, ಪೆನ್ನು, ಸೀಟಿ ಕೊಟ್ಟು, ಸಭೆಗೆಲ್ಲ ಕೇಳುವಂತೆ ಹೇಳಿದೆ: “ನನ್ನ ಪರವಾಗಿ ಮಾತಾಡಿದ್ರಲ್ಲ ಅಣ್ಣ, ಅದನ್ನ ಮಾತ್ರ ವಾಪಸ್ ಕ... ಕೊಡಲ್ಲ. ಅದು ನಂಗಿರಲಿ.” ಅವರ ನಗು ಥಟ್ಟನೆ ನಿಂತಿತು. ನನ್ನ ತಲೆಯ ಮೇಲೆ ಕೈಯಿಟ್ಟು ಇಳಿದು ಹೋದರು.

ಪರದೆಯ ಹಿಂದೆ ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು. ಎಡಗೈಯಿಂದ ತಮ್ಮ ಬಲಗೈಯನ್ನು ನೀವಿಕೊಳ್ಳುತ್ತಾ, “ಇದು ಸತ್ತುಹೋಯ್ತು ಅಂದ್ಕೊಂಡಿದ್ದೆ. ಈಗ ಅಲ್ಲಿ ಕೆಲಸ ಮಾಡ್ತಿತ್ತು” ಅಂದರು.

“ಅದು ನಿಮ್ಮ ಕೈಯಲ್ಲ ರೀ, ಅವಳದೇ” ಎಂದರು ಅಮ್ಮ.

“ಹೌದು ಮಾರಾಯ್ತಿ, ಅವಳದೇ,” ಎಂದು ಮೇಷ್ಟ್ರು ಒಪ್ಪಿಕೊಂಡರು. “ಆದ್ರೂ ನಂಗೆ ಸಂತೋಷ ಆಯ್ತಲ್ಲ, ಅದಕ್ಕೇನ್ ಮಾಡ್ತೀಯ?”

ನಾನು ಅವರಿಬ್ಬರ ಕಾಲು ಮುಟ್ಟಿದೆ. ಇದಾಗಿ ಆರು ವರ್ಷವಾಯಿತು. ತಿಂಗಳಿಗೆ ಒಂದೆರಡು ಆಟ ಇರುತ್ತವೆ, ಉಳಿದ ದಿನ ಅಂಗಡಿ. ಉಗ್ಗು ಹೋಗಿಲ್ಲ, ಹೋಗಲಿ ಎಂದು ಈಗ ನಾನು ಕಾಯುವುದೂ ಇಲ್ಲ. ಮೇಷ್ಟ್ರಿಗೆ ಎಂಬತ್ತೊಂದು, ಮೆಟ್ಟಿಲು ಇಳಿಯುವುದನ್ನು ಬಿಟ್ಟಿದ್ದಾರೆ. ಹೊಸದಾಗಿ ಕಲಿಯುವುದೇನೂ ಉಳಿದಿಲ್ಲ, ಆದರೂ ಹೋಗುತ್ತೇನೆ. ಕೆಳಗಿನಿಂದ ಬಿಸಿ ಬ್ರೆಡ್ಡು ಒಯ್ಯುತ್ತೇನೆ. ಹಿಂದಿನ ವಾರದ ಆಟದಲ್ಲಿ ಯಾರು ಬಂದರು, ಏನೇನು ತೆಗೆದೆ, ಅವರು ಹೇಗೆ ನಕ್ಕರು ಎಂದು ಒಂದೊಂದಾಗಿ ಹೇಳುತ್ತೇನೆ. ಹೇಳಿ ಮುಗಿಸಲು ನನಗೆ ಬಹಳ ಹೊತ್ತು ಬೇಕು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು, “ಆಮೇಲೆ? ಆಮೇಲೆ?” ಅನ್ನುತ್ತಾ ಕೇಳುತ್ತಾರೆ.