ದೇಕಾ ಕೂತ ಪೆಟ್ಟಿಗೆ

೧
ಈ ಕಥೆ ಎಲ್ಲಿಂದ ಶುರುಮಾಡಲಿ? ಬಂದೂಕು ತಯಾರಾದ ಕಾರ್ಖಾನೆಯಿಂದ ಎಂದರೆ ನಾನು ಅಲ್ಲಿಗೆ ಹೋದವನಲ್ಲ. ಮಾರಿದ ಸೂಟುಧಾರಿಯಿಂದ ಎಂದರೆ ಅವನ ಹೆಸರು ವಾರಕ್ಕೊಮ್ಮೆ ಬದಲಾಗುತ್ತದೆ. ಹಾಗಾಗಿ ನಾನು ದಿನಾ ಟೀ ಕುಡಿಯುವ ಬೊಸಾಸೊ ಬಂದರಿನಿಂದಲೇ ಶುರು. ಏಡನ್ ಕೊಲ್ಲಿ ದಾಟಿ ವಾರ್ಸಮೆಯ ದೋಣಿ ಬಂದಿದೆ. ಅದರಲ್ಲಿರುವ ಪೆಟ್ಟಿಗೆಗಳ ಮೇಲೆ 'ಪಾಸ್ತಾ' ಎಂದಿದೆ, ಒಳಗಿರುವುದು ಬಂದೂಕು. (ಹಾಗೆ ಬರೆಸಿದವನು ನಾನೇ. ಆಗ ಭಾರೀ ಜಾಣತನ ಅನ್ನಿಸಿತ್ತು.)

"ಮೇಲಿರೋದನ್ನ ಓದೋದು ನನ್ನ ಕೆಲಸ, ಒಳಗಿರೋದನ್ನ ನೋಡೋದು ದೇವರ ಕೆಲಸ" ಎನ್ನುತ್ತಾನೆ ವಾರ್ಸಮೆ.

೨ (ಹರಿದು ಹಾಕಿದ್ದು)
ಅಂದು ಸಮುದ್ರ ಮೌನವಾಗಿ ರೋದಿಸುತ್ತಿತ್ತು...
(ಇಲ್ಲ. ಇಲ್ಲಿನ ಸಮುದ್ರ ಅಳುವುದಿಲ್ಲ, ಮೀನಿನ ವಾಸನೆ ಹೊಡೆಯುತ್ತದೆ.)

೨, ಮತ್ತೆ
ವಾರ್ಸಮೆಯ ಹೆಂಡತಿ ದೇಕಾ. ಮಗ ಲಿಬಾನ್ ಬೆಟ್ಟದ ಮೇಲಿನ ಪಡೆ ಸೇರಿದವನು, ಈಗ ತನ್ನ ಮದುವೆಗೆಂದು ಮನೆಗೆ ಬಂದಿದ್ದಾನೆ. ಬಂದೂಕು ತರಿಸಿದವರು ಬೆಟ್ಟದ ಕೆಳಗಿನವರು, ಅಂದರೆ ಲಿಬಾನನಿಗೆ ಗುರಿಯಿಟ್ಟವರು. ನನ್ನ ಕ್ಲೈಮ್ಯಾಕ್ಸ್ ಸಿದ್ಧವಿತ್ತು: ಅಪ್ಪ ತಂದ ಬಂದೂಕಿಗೆ ಮಗ ಬಲಿ. ಸಂಪಾದಕರು ಕಣ್ಣೊರೆಸಿಕೊಳ್ಳಬೇಕಿತ್ತು.

ಆದರೆ ಬೆಟ್ಟದ ಕೆಳಗೆ ಒಯ್ಯುವ ಲಾರಿ ಬರುವ ತನಕ ವಾರ್ಸಮೆ ಪೆಟ್ಟಿಗೆಗಳನ್ನು ಮನೆಯಂಗಳದಲ್ಲಿ ಇಳಿಸಿದ. ದೇಕಾ ಓದಿದಳು. ಮದುವೆಗೆ ಪಾಸ್ತಾ! ಹಿಗ್ಗಿ ಹೀರೇಕಾಯಿಯಾಗಿ ಇಡೀ ಕೇರಿಯನ್ನು ಊಟಕ್ಕೆ ಕರೆದಳು. ಹಂಡೆಗೆ ನೀರಿಟ್ಟು, ಬಾಳೆಗೊನೆ ತರಿಸಿದಳು. ಬಾಳೆಹಣ್ಣಿಲ್ಲದೆ ಇಲ್ಲಿ ಯಾರೂ ಪಾಸ್ತಾ ಮುಟ್ಟುವುದಿಲ್ಲ.

೩
"ಏ, ತೆಗೀಬೇಡ ಆ ಪೆಟ್ಟಿಗೇನ!" ವಾರ್ಸಮೆ ಓಡಿ ಬಂದ.

"ಯಾಕಂತೆ? ಪಾಸ್ತಾ ಅಲ್ವಾ?"

"ನಾನು ಯಾವತ್ತೂ ಕೇಳಿದವನಲ್ಲ ಕಣೇ."

ದೇಕಾ ಪೆಟ್ಟಿಗೆಯನ್ನು ಒದ್ದು ನೋಡಿದಳು. ಒಳಗೆ ಕಬ್ಬಿಣ ಸದ್ದು ಮಾಡಿತು.

"ಯಾರಿಗೆ ಅಂತಾದ್ರೂ ಗೊತ್ತೋ?"

"ಬೆಟ್ಟದ ಕೆಳಗಿನವರಿಗೆ." ಹೇಳಿದ ಮೇಲೆಯೇ ಆ ಮಾತು ಅವನ ಕಿವಿಗೂ ಬಿದ್ದಿತು.

ದೇಕಾ ಕತ್ತೆತ್ತಿ ನೋಡಿದಳು. ಅಂಗಳದಾಚೆ ಮಗ ಹೊಸ ಅಂಗಿ ತೊಟ್ಟು ನಗುತ್ತಿದ್ದ. ಅವಳು ಪೆಟ್ಟಿಗೆಯ ಮೇಲೆ ದಬಕ್ಕನೆ ಕೂತುಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. "ಏಯ್ ಬರೆಯೋನೇ, ಬಾ ಇಲ್ಲಿ!"

೪
"ಏಳಿ ಅಕ್ಕಾ, ಕಥೆ ಮುಂದೆ ಹೋಗ್ಬೇಕು."

"ಎಲ್ಲಿಗೆ, ನನ್ನ ಮಗನ ಗೋರಿಗಾ? ಒಳಗೆ ಪಾಸ್ತಾ ಇದೆ ಅಂತ ಬರಿ."

"ಯಾರೂ ನಂಬೋದಿಲ್ಲ."

"ಬಂದೂಕಿನ ಮೇಲೆ ಪಾಸ್ತಾ ಅಂತ ಬರೆದಾಗ ಎಲ್ಲರೂ ನಂಬಿದ್ರಲ್ಲ? ಆಗ ನಾಚಿಕೆ ಆಗ್ಲಿಲ್ವಾ ನಿಂಗೆ?"

(ಆಗ ಆಗಲಿಲ್ಲ. ಈಗ ಆಗುತ್ತಿದೆ.)

ಬೇರೆ ಅಂತ್ಯಗಳನ್ನು ಮುಂದಿಟ್ಟೆ. ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆಯೋಣವೇ? "ಮೀನಿಗೂ ಯುದ್ಧ ಕಲಿಸ್ತೀಯಾ?" ಲಿಬಾನ್ ಓಡಿಹೋದರೆ? "ಮದುವೆ ಊಟ ಬಿಟ್ಟಾ?" ಲಾರಿ ಕೆಟ್ಟು ನಿಂತರೆ? ಇದಕ್ಕೆ ವಾರ್ಸಮೆಯೇ ನಕ್ಕ: "ಇನ್ನೊಂದು ಬರುತ್ತಪ್ಪಾ. ಈ ದಂಧೇಲಿ ಲಾರಿಗೆ ಬರ ಇಲ್ಲ."

೭ (೫, ೬ ಲಾರಿಯ ಜೊತೆ ಬರಬೇಕಿತ್ತು, ತಡೆದಿದ್ದೇನೆ)
ಹಂಡೆಯ ನೀರು ಕುದಿಯುತ್ತಿದೆ. ಕೇರಿಯವರೆಲ್ಲ ಸಾಲಾಗಿ ಕೂತಿದ್ದಾರೆ, ಎದುರಿಗೆ ಬರೀ ಬಾಳೆಹಣ್ಣು. ಲಿಬಾನ್ ಬಂದು ಅಮ್ಮನ ಪಕ್ಕ ಅದೇ ಪೆಟ್ಟಿಗೆಯ ಮೇಲೆ ಕೂತ.

"ನನ್ನ ಬಂದೂಕು ಬಂದಾಗ ಪೆಟ್ಟಿಗೆ ಮೇಲೆ ಹಾಲಿನ ಪುಡಿ ಅಂತಿತ್ತಮ್ಮಾ."

ದೇಕಾ ಅವನ ತಲೆಗೊಂದು ಮೊಟಕಿದಳು. "ಆಗ ಯಾವ ಅಮ್ಮನೂ ಅದರ ಮೇಲೆ ಕೂತಿರ್ಲಿಲ್ಲ."

ಬೀದಿಯ ತುದಿಯಲ್ಲಿ ಹಾರ್ನ್ ಕೇಳಿಸಿತು. 'ಲಾರಿ ಅಂಗಳದೊಳಗೆ ಬಂತು' ಎಂದು ಬರೆದೆ. ಹೊಡೆದು ಹಾಕಿದೆ. ದೇಕಾ ಒಂಚೂರು ಸರಿದು, "ನೀನೂ ಕೂತ್ಕೋ, ಭಾರ ಸಾಲ್ದು" ಎಂದಳು. ಪೆನ್ನು ಕೆಳಗಿಟ್ಟು ಕೂತೆ.

ಹಾರ್ನ್ ನಿಂತಿಲ್ಲ. ಓದುಗರೇ, ನೀವು ಪುಟ ತಿರುಗಿಸಿದರೆ ಲಾರಿ ಒಳಗೆ ಬಂದುಬಿಡುತ್ತದೆ. ಬಾಳೆಹಣ್ಣು ತಗೊಳ್ಳಿ, ಈ ಕಡೆ ಇನ್ನೊಬ್ಬರಿಗೆ ಜಾಗ ಇದೆ.