ನೊರೆ ಮುಟ್ಟಿದ ಅರಿಷಿಣ

ಪೈಪಿನೊಳಗೆ ಏನೋ ಗರಗರ ಅಂದಿತು, ಮಣ್ಣಾದರೆ ಹೀಗೆ ಸದ್ದು ಮಾಡುವುದಿಲ್ಲ, ಮಣ್ಣು ಸುಮ್ಮನೆ ಒಳಗೆ ಹೋಗುತ್ತದೆ, ಇದು ಕಾಳು, ಕಾಳೇ ಇದು, ಎಂದುಕೊಳ್ಳುತ್ತ ಶೈಲಾ ವ್ಯಾಕ್ಯೂಮ್ ಮಷೀನಿನ ಮೂತಿಯನ್ನು ಪಡಸಾಲೆಗೆ ಹಾಸುವ ಗಾಲಿಚಾದ ಮೇಲೆ ಇನ್ನೊಮ್ಮೆ ಎಳೆದಳು, ಮತ್ತೆ ಗರಗರ — ಇರಲಿ, ಸತ್ತವರ ದಿನಕಾರ್ಯದ ಊಟ ಅಂದಮೇಲೆ ಮಂದಿ ಚೆಲ್ಲುವುದು ಇದ್ದದ್ದೇ, ಆದರೆ ಈ ಲಕ್ಕವ್ವ ವೈನಿಗೆ ಒಂದು ಸಲ ಝಾಡಿಸಿ ಕೊಡಬೇಕು ಅನ್ನುವ ಖಬರಾದರೂ ಬೇಡವೇ, ಸುರುಳಿ ಸುತ್ತಿದಳು, ಟೆಂಪೋದಲ್ಲಿ ಹಾಕಿ ತವರೂರು ಭೋಜದಿಂದ ಕಳಿಸಿದಳು, ಮುಗಿಯಿತು, ಅಣ್ಣನ ಹೆಂಡತಿ ಆದರೇನು, ಇನ್ನೊಬ್ಬರ ಸಾಮಾನು ಅಂದರೆ ಅಷ್ಟೇ ಸಸಾರ. ಹಿಂದಿನ ವಖಾರಿಯಲ್ಲಿ ತಂಬಾಕಿನ ಚೀಲ ಬಿಚ್ಚಿರಬೇಕು, ಘಾಟು ಕಿಟಕಿಯಿಂದ ಒಳಗೆ ನುಗ್ಗಿತು, ಒಂದು ಸೀನು, ಅದರ ಬೆನ್ನಿಗೇ ಇನ್ನೊಂದು, ಈ ನಿಪ್ಪಾಣಿಯಲ್ಲಿ ಹುಟ್ಟಿದ ಮಕ್ಕಳಿಗೂ ಮೊದಲ ಉಸಿರಿಗೇ ಇದೇ ಘಾಟು, ಪ್ರಾಜೂ ಕೂಡ ಸೀನುತ್ತಲೇ ಹುಟ್ಟಿದ್ದಳು ಅಂತ ಸೂಲಗಿತ್ತಿ ನಕ್ಕಿದ್ದಳು — ಪ್ರಾಜೂ, ಪ್ರಾಜಕ್ತಾ, ಒಬ್ಬಳೇ ಮಗಳು, ಚಿಕ್ಕೋಡಿಯ ಶಾಲೆಯಲ್ಲಿ ಕಲಿಸಲು ಹೋಗುತ್ತಾಳೆ, ಮೊದಲ ಪಗಾರದಲ್ಲಿ ತನಗೊಂದು ಡ್ರೆಸ್ಸು ತಗೊಳ್ಳಲಿಲ್ಲ, ಅವ್ವನಿಗೆ ಈ ಮಷೀನು ತಂದಳು, ಅವ್ವಾ ಮೊದಲ ಒಣಾದ ಎಳಿ, ಆಮ್ಯಾಲ ಶಾಂಪೂದ ಮೂತಿ ಹಾಕು, ಇಲ್ಲಂದ್ರ ಎಲ್ಲಾ ಕೆಸರ ಆಗ್ತೈತಿ ನೋಡ, ಅಂತ ಪಕ್ಕದಲ್ಲಿ ಕೂತು ಕಲಿಸಿದಳು, ತಾನು ಅವಳಿಗೆ ರೊಟ್ಟಿ ಬಡಿಯುವುದನ್ನು ಕಲಿಸಿದ ಹಾಗೆಯೇ. ಇವತ್ತು ಮುಂಜಾನೆ ಸ್ಕೂಟಿ ಚಾಲೂ ಮಾಡಿದವಳು ಬಂದ್ ಮಾಡಿ ಬಾಗಿಲ ತನಕ ತಿರುಗಿ ಬಂದಳು, ಅವ್ವಾ ಗಾಲಿಚಾ ನೀ ತೊಳಿಬ್ಯಾಡ, ನಡಾ ಹಿಡಿತೈತಿ ನಿನಗ, ಐತ್ವಾರ ನಾನ ತೊಳಿತೇನಿ. ಎಷ್ಟು ಕಾಳಜಿ ಹುಡುಗಿಗೆ, ಇಂಥ ಮಗಳು ಯಾರಿಗೆ ಸಿಗುತ್ತಾಳೆ, ಮಾಯವ್ವ ತಾಯಿಯ ಕೃಪೆ. ಆದರೆ ಐತ್ವಾರದ ತನಕ ಎಲ್ಲಿ ಕಾಯುವುದು, ಅಣ್ಣ ಬೇಸ್ತವಾರವೇ ಬರುತ್ತಾನಲ್ಲ.

ಲಗಮಣ್ಣ ದಾದಾ ಬರುತ್ತಾನೆ, ತನ್ನ ಮಗ ವಿಶಾಲನಿಗೆ ಪ್ರಾಜೂ ಅನ್ನುವ ಮಾತು ಪಕ್ಕಾ ಮಾಡುತ್ತಾನೆ, ಈ ಗಾಲಿಚಾದ ಮೇಲೆಯೇ ಕೂರುತ್ತಾನೆ, ಅದಕ್ಕೇ ತೊಳೆಯಬೇಕು, ಸತ್ತವರ ಕಾರ್ಯಕ್ಕೆ ಹೋಗಿ ಬಂದ ಹಾಸಿಗೆಯನ್ನು ಹಾಗೆಯೇ ಶುಭಕ್ಕೆ ಹಾಸಿದರೆ ಮಂದಿ ಬಿಡಲಿ, ತನ್ನ ಮನಸ್ಸೇ ಒಪ್ಪುವುದಿಲ್ಲ. ಲಕ್ಕವ್ವ ವೈನಿಯ ಚಿಗವ್ವ ಭೋಜದ ಮನೆಯಲ್ಲೇ ಇದ್ದಳು, ಪಾಪ, ಯುಗಾದಿ ಮುಂದೆ ತೀರಿಕೊಂಡಳು, ಆಮೇಲೆ ವೈನಿ ಬಂದು ಇದೇ ಬಾಗಿಲಲ್ಲಿ ನಿಂತು, ಶೈಲಾ, ಮನ್ಯಾಗ ಸಣ್ಣ ಕಾರ್ಯ ಐತಿ, ನಿನ್ನ ಗಾಲಿಚಾ ಕೊಡ, ನಮ್ಮ ಪಡಸಾಲಿ ತುಂಬ ಬರೂವಷ್ಟ ದೊಡ್ಡದ ನಿಮ್ಮದ ಒಂದ, ಅಂದಳು. ನಾ ಬರಲೇನ ವೈನಿ. ಬ್ಯಾಡ, ಯಾಕ ತ್ರಾಸ, ಮನಿ ಮಂದಿ ಅಷ್ಟ. ಆಮೇಲೆ ಒಂದು ಗಳಿಗೆ ಹೊಸ್ತಿಲಲ್ಲೇ ನಿಂತಳು, ಹೋಗವಲ್ಲಳು, ಕುಂಕುಮ ಹಚ್ಚಂಗಿಲ್ಲೇನ ಅಂತ ತಾನೇ ಬಾಯಿಬಿಟ್ಟು ಕೇಳಿದಳು — ಶೈಲಾಳಿಗೆ ಒಂಥರಾ ಆಗಿತ್ತು, ಸತ್ತವರ ಕೆಲಸಕ್ಕೆ ಸಾಮಾನು ಒಯ್ಯುವವಳು ಕುಂಕುಮ ಕೇಳುವುದುಂಟೇ, ಬೇಕಂತಲೇ ಕುಂಕುಮದ ಕರಡಿಗೆ ತೆಗೆದಿರಲಿಲ್ಲ ತಾನು, ಆದರೂ ಕೇಳಿದಳಲ್ಲ ಅಂತ ಹಚ್ಚಿ ಕಳಿಸಿದ್ದಳು. ಹೋಗಲಿ. ದಾದಾನಿಗೆ ಬೇಸ್ತವಾರ ಬಾ, ಇನ್ನ ತಡಾ ಬ್ಯಾಡ, ವಿಶಾಲಗೂ ವಯಸ್ಸಾತು ಪ್ರಾಜೂಗೂ ಆತು ಅಂತ ಫೋನು ಮಾಡಿದರೆ ಅವನು ಎಂದಿನಂತೆ ನೋಡೂಣ ಶೈಲೂ ಅಂದ, ನೋಡೂಣ ಅಂದರೆ ಅವನ ಬಾಯಲ್ಲಿ ಹೂಂ ಅಂತಲೇ ಅರ್ಥ, ಚಿಕ್ಕಂದಿನಿಂದ ಕಂಡಿಲ್ಲವೇ. ಮಾತು ಇವತ್ತಿನದಲ್ಲ, ಪ್ರಾಜೂಗೆ ಕಿವಿ ಚುಚ್ಚಿದ ದಿನ ಅವನೇ ತೊಡೆಯ ಮೇಲೆ ಕೂರಿಸಿಕೊಂಡು, ತಮ್ಮವ್ವನ ಝುಮಕಿ ಅವಳ ಅಂಗೈಯಲ್ಲಿಟ್ಟು, ಇಕಿ ನಮ್ಮನಿ ಸೊಸಿ, ಇದು ಗುರ್ತು, ಅಂದಿದ್ದ, ಹಳೆಯ ಕಾಲದ ಝುಮಕಿ, ಒಂದರಲ್ಲಿ ಸುತ್ತಲೂ ಮುತ್ತು, ಇನ್ನೊಂದರಲ್ಲಿ ಒಂದು ಮುತ್ತು ಉದುರಿ ಆ ಜಾಗ ಖಾಲಿ, ಆ ಖಾಲಿ ಜಾಗವನ್ನೇ ಮಗು ಬಾಯಲ್ಲಿಟ್ಟು ಚೀಪುತ್ತಿತ್ತು. ಆ ಒಂದು ಮುತ್ತಿಲ್ಲದ ಝುಮಕಿಯೇ ಮೊನ್ನೆ ಹೋಯಿತಲ್ಲ, ಚಿಕ್ಕೋಡಿ ಬಸ್‌ಸ್ಟ್ಯಾಂಡಿನಾಗ ಬಿತ್ತವ್ವಾ ಅಂತ ಪ್ರಾಜೂ ಅಳುತ್ತ ಬಂದಳು, ಶೈಲಾ ತಾನೂ ಅತ್ತಳು, ಚಿನ್ನ ಹೋಯಿತು ಅಂತಲ್ಲ, ಗುರುತೇ ಹೋಯಿತಲ್ಲ ಅಂತ, ಉಳಿದ ಒಂಟಿ ಝುಮಕಿಯನ್ನು ಗುಲಾಬಿ ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿಟ್ಟಳು. ತವರಿನ ದಾರಿ ಮಗಳ ಕೈಯಿಂದ ಮುಂದುವರಿಯಲಿ ಅನ್ನುವುದೊಂದೇ ಅವಳ ಆಸೆ, ಅವ್ವ ಹೋದಳು, ಅಪ್ಪ ಹೋದ, ನಾಳೆ ದಾದಾನೂ ಹೋದರೆ ಭೋಜದ ಆ ಮನೆಯ ಬಾಗಿಲಲ್ಲಿ ಬಾ ಅನ್ನುವವರು ಯಾರು, ಮಗಳಿದ್ದರೆ ಅಂತಾಳೆ. ಹೂಂ, ಒಣ ಕಸ ಎಳೆದದ್ದು ಮುಗಿಯಿತು, ಈಗ ಶಾಂಪೂದ ಮೂತಿ.

ಮೇಲಿನ ಡಬ್ಬಿಗೆ ಬಿಸಿನೀರು, ಒಂದು ಮುಚ್ಚಳ ಶಾಂಪೂ, ಗುಂಡಿ ಒತ್ತಿದರೆ ನೊರೆ ಬರುತ್ತದೆ, ಹಿಂದಕ್ಕೆ ಎಳೆದರೆ ಅದೇ ಮೂತಿ ಹೊಲಸು ನೀರನ್ನು ಹೀರಿ ಕೆಳಗಿನ ಪಾರದರ್ಶಕ ಡಬ್ಬಿಗೆ ತಳ್ಳುತ್ತದೆ, ಆ ನೀರು ಕಪ್ಪಾಗುವುದನ್ನು ನೋಡುವುದೆಂದರೆ ಶೈಲಾಳಿಗೆ ಬಲು ಖುಷಿ, ಸಂಸಾರದಲ್ಲಿ ಬೇರೆ ಯಾವ ಹೊಲಸೂ ಹೀಗೆ ಕಣ್ಣೆದುರು ಡಬ್ಬಿಗೆ ಬಂದು ಬೀಳುವುದಿಲ್ಲ. ಮೂತಿ ಅಲ್ಲಲ್ಲಿ ಹಿಡಿದುಕೊಂಡ ಹಾಗಾಯಿತು, ಅಂಟು, ಸಕ್ಕರೆಯ ಅಂಟೇ ಇದು, ಹಾಗಾದರೆ ನಿನ್ನೆ ಇರುವೆ ಸಾಲು ಹಿಡಿದದ್ದು ಇದಕ್ಕೇ, ಯಾವನೋ ಚಹಾ ಚೆಲ್ಲಿದ್ದಾನೆ, ಅಂತ ನಡುಮಧ್ಯಕ್ಕೆ ನೊರೆ ಬಿಟ್ಟಳು, ಬಿಟ್ಟು ನೋಡಿದರೆ ನೊರೆ ಕೆಂಪು. ಅಯ್ಯ. ರಕ್ತ. ಕೈ ನೋಡಿಕೊಂಡಳು, ಮೊಣಕಾಲು ನೋಡಿಕೊಂಡಳು, ಎಲ್ಲೂ ಗಾಯವಿಲ್ಲ, ಇನ್ನೊಂದು ಕಡೆ ಬಿಟ್ಟಳು, ಬಿಳಿ ನೊರೆ ಬಿಸ್ಕಿಟ್ ಬಣ್ಣದ ಮೇಲೆ ಕೂತು ನೋಡನೋಡುತ್ತಲೇ ಕೆಂಪಾಯಿತು, ಬೊಟ್ಟು ಬೊಟ್ಟು, ಹನಿ ಹನಿ, ಒಂದು ಮಣೆಯಷ್ಟು ಜಾಗದ ಸುತ್ತ — ಕುಡಚಿಯ ಇಬ್ರಾಹಿಮ ಸಾಹೇಬರು ಗಾಲಿಚಾ ಕೊಳ್ಳುವಾಗ ಅಂಗಡಿಯಲ್ಲಿ ಅಂದೇ ಹೇಳಿದ್ದರು, ಅಕ್ಕಾರ, ಈ ಬಣ್ಣಾ ಬ್ಯಾಡ್ರಿ, ಕಲಿ ಬಿದ್ರ ಎದ್ದ ಕಾಣತೈತಿ, ನಮ್ಮ ಮನ್ಯಾಗ ಕಲಿ ಬೀಳಸವ್ರು ಯಾರ ಅದಾರ್ರಿ ಅಂತ ತಾನು ಜಂಬದಿಂದ ನಕ್ಕಿದ್ದಳು. ರಕ್ತವಲ್ಲ. ಅರಿಷಿಣ. ಅರಿಷಿಣದ ಸೀರೆ ಒಗೆದ ಯಾವ ಹೆಂಗಸಿಗೆ ಗೊತ್ತಿಲ್ಲ, ಸಾಬೂನು ಮುಟ್ಟಿದ ಕೂಡಲೇ ಅರಿಷಿಣ ಕೆಂಪಾಗುತ್ತದೆ, ಎಷ್ಟು ಮಾಸಿದ್ದರೂ, ಕಣ್ಣಿಗೆ ಕಾಣದಷ್ಟಿದ್ದರೂ ಎದ್ದು ಬರುತ್ತದೆ. ಸತ್ತವರ ಕಾರ್ಯದಲ್ಲಿ ಅರಿಷಿಣವೆಲ್ಲಿಯದು? ಓಡಿಹೋಗಿ ಆಗಲೇ ತೆಗೆದಿಟ್ಟಿದ್ದ ಮಷೀನಿನ ಒಣ ಕಸದ ಡಬ್ಬಿ ಬಿಚ್ಚಿ ಪೇಪರಿನ ಮೇಲೆ ಸುರುವಿದಳು, ಅನ್ನದ ಅಗುಳಲ್ಲ, ಅಕ್ಕಿ, ಹಸಿ ಅಕ್ಕಿ, ಅರಿಷಿಣ ಹಚ್ಚಿದ ಅಕ್ಕಿ, ಅದರ ನಡುವೆ ಅಡಿಕೆಯ ಚೂರು, ಉತ್ತತ್ತಿಯ ಬೀಜ, ಹಸಿರು ಬಳೆಯ ಒಂದು ತುಂಡು, ಸಕ್ಕರೆ — ಉಡಿ. ತನ್ನ ಗಾಲಿಚಾದ ಮೇಲೆ ಯಾರದೋ ಉಡಿ ತುಂಬಿದ್ದಾರೆ. ಒದ್ದೆ ಕೈಯಲ್ಲೇ ಫೋನು ಹಚ್ಚಿದಳು, ಹಲೋ ಶೈಲಾ, ಊಟಾ ಆತೇನ ಅಂದಳು ಲಕ್ಕವ್ವ ವೈನಿ, ಆ ಕಡೆ ಟೀವಿಯಲ್ಲಿ ಮರಾಠಿ ಧಾರಾವಾಹಿ ಅಳುತ್ತಿತ್ತು, ವೈನಿ, ನನ್ನ ಗಾಲಿಚಾದ ಮ್ಯಾಲ ಯಾರ ಉಡಿ ತುಂಬಿದ್ರಿ. ಟೀವಿಯ ಅಳು ನಿಂತಿತು. ಯಾಕ, ಪ್ರಾಜೂ ಹೇಳಲಿಲ್ಲೇನ? ಏನ ಹೇಳಬೇಕಾಗಿತ್ತ ಪ್ರಾಜೂ? ಅಯ್ಯ ನಮ್ಮವ್ವಾ, ಅವ್ವಗ ನಾನ ಹೇಳ್ತೇನಿ, ನೀವ ಯಾರೂ ಬಾಯಿ ಬಿಡಬ್ಯಾಡ್ರಿ ಅಂತ ಆಕಿನ ಅಂದಿದ್ಲಲ್ಲ — ವಿಶಾಲನ ಸಾಕರಪುಡಾ ಆತ ಶೈಲಾ, ಅಥಣಿ ಹುಡುಗಿ, ದ್ರಾಕ್ಷಿ ತೋಟದ ಮಂದಿ, ಸಕ್ಕರಿ ಪುಡಿಕಿ ಹುಡುಗಿ ಕೈಯಾಗ ಕೊಟ್ಟ ಉಡಿ ತುಂಬಿ ಲಗ್ನಾ ಗಟ್ಟಿ ಮಾಡೇವಿ, ನಾ ಏನ ಸುಳ್ಳ ಹೇಳೇನೇನ, ಕಾರ್ಯ ಐತಿ ಅಂತ ಹೇಳೇ ಒಯ್ದೇನಿ. ಕಾರ್ಯ. ಮರಾಠಿಯವರ ಬಾಯಲ್ಲಿ ಕಾರ್ಯ ಅಂದರೆ ಮದುವೆ ಮುಂಜಿ, ತಮ್ಮ ಬಾಯಲ್ಲಿ ಕಾರ್ಯ ಅಂದರೆ ಸತ್ತವರದು, ಎರಡೂ ಮಾತು ಒಂದೇ ನಾಲಿಗೆಯಲ್ಲಿಟ್ಟುಕೊಂಡ ಮಂದಿ ಇವರು, ಬೇಕಾದಾಗ ಬೇಕಾದ್ದು ತೆಗೆಯುತ್ತಾರೆ. ನಿನ್ನ ಮಗಳ ಬಂದ ಮಾಮಾನ ಕಾಲ ಹಿಡಕೊಂಡ ಅತ್ಲ ಶೈಲಾ, ವಿಶಾಲ ನನಗ ಅಣ್ಣ ಇದ್ದಂಗ, ಅವ್ವ ಕೇಳವಲ್ಲಳು, ನೀವ ಬ್ಯಾರೆ ಹುಡುಗೀನ ನೋಡ್ರಿ ಅಂತ, ನಿಮ್ಮ ದಾದಾ ಎರಡ ದಿನಾ ಊಟಾ ಮಾಡಿಲ್ಲ, ನಿನ್ನ ಗಂಡ ಮಾಯಪ್ಪಣ್ಣಾರಿಗೂ ಎಲ್ಲಾ ಗೊತ್ತ, ಅವರೂ ಬಂದಿದ್ರಲ್ಲ, ಹಲೋ, ಶೈಲಾ, ಹಲೋ. ಶೈಲಾ ಫೋನನ್ನು ಅಕ್ಕಿಯ ಮೇಲೆ ಬೋರಲು ಇಟ್ಟಳು.

ಮಷೀನು ಚಾಲೂ ಇದೆ, ಬಂದ್ ಮಾಡಬೇಕು, ಮಾಡಲಿಲ್ಲ, ಮತ್ತೆ ಮೊಣಕಾಲೂರಿ ಎಳೆಯತೊಡಗಿದಳು, ಎಳೆ, ಹೀರಲಿ, ಎಲ್ಲಾ ಹೀರಲಿ, ಮನಿ ಮಂದಿ ಅಷ್ಟ ಅಂದಿದ್ದಳಲ್ಲ, ಹೌದು, ಮನೆ ಮಂದಿಯೇ ಹೋಗಿದ್ದಾರೆ, ತನ್ನ ಮನೆ ಮಂದಿಯೇ, ಗಂಡ ಅವತ್ತು ಕೊಲ್ಹಾಪುರಕ್ಕೆ ಮಾಲು ತರಲು ಹೋಗ್ತೇನಿ ಅಂತ ಬಿಳಿ ಅಂಗಿ ಹಾಕಿಕೊಂಡು ಹೋದ, ಮಾಲು ತರಲು ಬಿಳಿ ಅಂಗಿ, ಮೂಢ ಹೆಂಗಸೇ, ಕೇಳಬಾರದಿತ್ತೇ, ಸಂಜೆ ಬಂದು ಹೊಟ್ಟಿ ತುಂಬೇತಿ ಅಂತ ತಾಟು ಸರಿಸಿದ, ತಾನು ಅವನಿಗೆ ಅಜೀರ್ಣವೆಂದು ಓಮಿನ ನೀರು ಕಾಯಿಸಿಕೊಟ್ಟಳು, ಕುಡಿದ, ಮುಖ ನೋಡದೆ ಕುಡಿದ, ಮಾಯಪ್ಪಾ, ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ಒಂದು ಮಾತು ಹೇಳಲು ನಿನ್ನ ಬಾಯಿಗೆ ಏನಾಗಿತ್ತು. ಅಥಣಿಯ ಮಂದಿ ಈ ಗಾಲಿಚಾ ನೋಡಿ ಭಾಳ ಚೆಂದ ಐತ್ರಿ ಅಂದಿರುತ್ತಾರೆ, ದಾದಾ ಯಾರದು ಅಂತ ಹೇಳಿರುತ್ತಾನೋ ಇಲ್ಲವೋ, ತನ್ನ ಸಾಮಾನಿಗೆ ಆಮಂತ್ರಣ ಇತ್ತು, ತನಗೆ ಇರಲಿಲ್ಲ. ನೋಡೂಣ ಶೈಲೂ, ನೋಡೂಣ, ಸಾಕರಪುಡಾ ಮುಗಿಸಿ ಕೈ ತೊಳೆದುಕೊಂಡು ನೋಡೂಣ ಅಂದ. ಪ್ರಾಜೂ ಹೇಳಿರಲಿಲ್ಲವೇ ಹಾಗಾದರೆ, ಹೇಳಿದ್ದಳು, ತಾನು ಸುಳ್ಳಾಡುವುದಿಲ್ಲ, ಹೋದ ಶ್ರಾವಣದಲ್ಲಿ ಜೋಳ ಹಸನು ಮಾಡುವಾಗ ಹೇಳಿದ್ದಳು, ಅವ್ವಾ ವಿಶಾಲನ ಕೂಡ ನಾ ಆಡಿ ಬೆಳದೇನಿ, ಹೆಂಗ ಆಗ್ತೈತಿ, ಅದಕ್ಕೆ ತಾನು ಮೊರ ಬಡಿದಿಟ್ಟು ಅಂದಿದ್ದಳು, ಆ ಮನಿ ಬಿಟ್ಟ ಬ್ಯಾರೆ ಕಡೆ ಕೊಟ್ರ ನಾ ಸತ್ತೆ ಅಂತ ತಿಳಿರಿ. ತಿಳಿದರಲ್ಲ. ತಿಳಿದೇ ಮಾಡಿದರಲ್ಲ, ಗಂಡ, ಮಗಳು, ಅಣ್ಣ, ಎಲ್ಲಾ ಕೂಡಿ ಕೂತು, ತಾನು ತಪ್ಪೇನೂ ತಿಳಿದುಕೊಂಡಿರಲಿಲ್ಲ, ಸತ್ತವರ ಕಾರ್ಯವೇ ಅದು, ತನ್ನದೇ. ಬೇಡವಾಗಿದ್ದರೆ ಬೇಡ ಅಂತ ಎದುರಿಗೆ ನಿಂತು ಅನ್ನಬಾರದಿತ್ತೇ, ತಾನು ಅತ್ತು ರಂಪ ಮಾಡುತ್ತಿದ್ದಳು, ಎರಡು ದಿನ ಉಪವಾಸ ಬೀಳುತ್ತಿದ್ದಳು, ಆಮೇಲೆ ಎದ್ದು ಒಲೆ ಹಚ್ಚುತ್ತಿದ್ದಳು, ಹೆತ್ತವಳು ಮತ್ತೇನು ಮಾಡುತ್ತಾಳೆ, ಅಷ್ಟು ಭರವಸೆ ಇರಲಿಲ್ಲವೇ ಮಗಳಿಗೆ, ಮಾಮಾನ ಕಾಲು ಹಿಡಿಯಬಹುದು, ಅವ್ವನ ಕೈ ಹಿಡಿಯಬಾರದೇ. ಗಾಲಿಚಾ ನೀ ತೊಳಿಬ್ಯಾಡ, ನಡಾ ಹಿಡಿತೈತಿ — ಅಯ್ಯೋ, ನಡುವಿನ ಕಾಳಜಿ ಅಲ್ಲ ಅದು, ಅಲ್ಲ, ಹುಡುಗಿಗೆ ಗೊತ್ತಿತ್ತು ಇದರೊಳಗೆ ಏನಿದೆ ಅಂತ, ಆ ಮಾತನ್ನು ಮುಂಜಾನೆಯಿಂದ ಬಾಯಲ್ಲಿ ಪೇಢೆ ಇಟ್ಟುಕೊಂಡ ಹಾಗೆ ಇಟ್ಟುಕೊಂಡಿದ್ದಳಲ್ಲ ತಾನು, ಥೂ. ಕೆಳಗಿನ ಡಬ್ಬಿಯ ನೀರು ಕಪ್ಪಾಗಲಿಲ್ಲ ಇವತ್ತು, ಕೆಂಪಾಗಿ ಸುತ್ತುತ್ತಿದೆ. ಇನ್ನು ಅಂಚು, ಅಂಚಿನ ಗೊಂಡೆ, ಗೊಂಡೆಗೆ ಮಷೀನು ಹಾಕಬ್ಯಾಡವ್ವಾ ಸಿಗಬೀಳತೈತಿ, ಕೈಲೆ ತಿಕ್ಕು ಅಂತ ಪ್ರಾಜೂ ಕಲಿಸಿದ್ದಳು, ಕೈಯಿಂದಲೇ ನೊರೆ ಹಚ್ಚಿ ಒಂದೊಂದೇ ಗೊಂಡೆ ಬಿಡಿಸುತ್ತ ಹೋದಳು, ಒಂದು ಗೊಂಡೆ ಬಿಡಿಸಿಕೊಳ್ಳಲಿಲ್ಲ, ಒಳಗೇನೋ ಗಟ್ಟಿ, ದಾರ ಗಂಟು ಬಿದ್ದಿದೆ, ಉತ್ತತ್ತಿ ಬೀಜವಿರಬೇಕು, ಅಲ್ಲ, ತಂಪು, ಕೊಕ್ಕೆಯಿದೆ, ಕೊಕ್ಕೆಯ ಕೆಳಗೆ ಸಣ್ಣ ಗುಮ್ಮಟ, ಗುಮ್ಮಟದ ಸುತ್ತ ಮುತ್ತು, ಬೆರಳು ತಾನಾಗಿಯೇ ಎಣಿಸದೆ ಸುತ್ತು ಹೋಗಿ ಒಂದು ಕಡೆ ಖಾಲಿ ಜಾಗದಲ್ಲಿ ನಿಂತಿತು. ಚಿಕ್ಕೋಡಿ ಬಸ್‌ಸ್ಟ್ಯಾಂಡಿನಾಗ ಬಿತ್ತವ್ವಾ. ಹಾಕಿಕೊಂಡು ಹೋಗಿದ್ದಳು, ಇದನ್ನೇ ಹಾಕಿಕೊಂಡು, ಸೊಸಿ ಅಂತ ಕೊಟ್ಟ ಗುರುತನ್ನು ಕಿವಿಗಿಟ್ಟುಕೊಂಡು ಆ ಹುಡುಗಿಗೆ ಉಡಿ ತುಂಬಲು ಬಗ್ಗಿದ್ದಳು, ಬಗ್ಗಿದಾಗ ಬಿದ್ದಿದೆ, ಆಮೇಲೆ ಮನೆಗೆ ಬಂದು ಅವ್ವನ ಹೆಗಲ ಮೇಲೆ ಅತ್ತಳು, ಅವ್ವ ತನ್ನ ಸೆರಗಿನಿಂದಲೇ ಅವಳ ಕಣ್ಣು ಒರೆಸಿದಳು. ಗೇಟಿನ ಹತ್ತಿರ ಸ್ಕೂಟಿ ನಿಂತ ಸದ್ದು, ಚಪ್ಪಲಿ, ಬಾಗಿಲು, ಅವ್ವಾ, ತೊಳಿಬ್ಯಾಡ ಅಂದಿದ್ನೆಲ್ಲ ನಿನಗ, ಅಂದ ದನಿ ಅರ್ಧಕ್ಕೇ ನಿಂತಿತು, ಅಕ್ಕಿ ನೋಡಿರಬೇಕು, ನೋಡಲಿ, ಶೈಲಾ ತಿರುಗಲಿಲ್ಲ, ಎಡಗೈ ಮಷೀನಿನ ಗುಂಡಿ ಬಿಡಲೊಲ್ಲದು, ಮೂತಿ ಗೊಂಡೆಯ ಪಕ್ಕಕ್ಕೇ ಬಂದು ನಿಂತಿದೆ, ಗಾಳಿ ಎಳೆಯುತ್ತಿದೆ, ಝುಮಕಿ ಎದ್ದು ಮೂತಿಗೆ ಬಡಿಯುತ್ತಿದೆ, ಒಳಗೆ ಹೋಗದು, ದಾರ ಬಿಡದು, ಟಿಕ್, ಟಿಕ್, ಅವ್ವಾ, ಟಿಕ್, ಅವ್ವಾ ಇಲ್ಲಿ ನೋಡ, ಟಿಕ್, ಕೆಂಪು ನೊರೆ, ನೊರೆಯೊಳಗೆ ಝುಮಕಿ, ಒಂದು ಮುತ್ತಿಲ್ಲದ ಝುಮಕಿ —